ಸಿಗಡಿಯ ತಲೆ ಎಲ್ಲಿ ಹೋಯಿತು?

ಕಳೆದ ವರ್ಷ ಬೆಂಗಳೂರಿನ ಒಂದು ಹೊಸ ಹೋಟೆಲಿನಲ್ಲಿ ‘ಸೀಫುಡ್ ಅರೋಸ್ ಕಾಲ್ದೋ’ ತರಿಸಿಕೊಂಡೆ. ಅಗಲವಾದ ಕಪ್ಪು ಬೋಗುಣಿ. ಬೆಳ್ಳಗಿನ ಗಂಜಿಯ ಮೇಲೆ ಸುಟ್ಟ ಸಿಗಡಿ ನಾಲ್ಕು, ಬೊಂಡಾಸಿನ ಬಳೆಗಳು, ಬಾಯಿ ತೆರೆದ ಪಚ್ಚಿಲೆ ಮೂರು, ಅರ್ಧ ಮೊಟ್ಟೆ, ಹುರಿದ ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು. ಜೊತೆಗಿದ್ದವರು ಮನಸಾರೆ ಹೊಗಳಿದರು. ನಾನು ಮೇಲಿನದ್ದನ್ನೆಲ್ಲ ಚಮಚೆಯಿಂದ ಪಕ್ಕಕ್ಕೆ ಸರಿಸಿ, ತಳದ ಗಂಜಿಯನ್ನಷ್ಟೇ ಬಾಯಿಗಿಟ್ಟೆ. ಉಪ್ಪಿತ್ತು, ಶುಂಠಿ ಇತ್ತು, ಕೋಳಿ ಸಾರಿನ ಪುಡಿಯ ಘಮವೂ ಇತ್ತು. ಕಡಲು ಇರಲಿಲ್ಲ.

ಒಂದು ಹೋಟೆಲಿನ ಒಂದು ದಿನದ ಎಡವಟ್ಟಾಗಿದ್ದರೆ ಅದನ್ನು ಅಲ್ಲಿಗೇ ಬಿಡುತ್ತಿದ್ದೆ. ಆದರೆ ಫಿಲಿಪ್ಪೀನ್ಸಿನ ಸಮುದ್ರದ ಗಂಜಿ ಎಂದು ಈಗ ಮೆಚ್ಚುಗೆ ಗಳಿಸುತ್ತಿರುವುದು ಈ ಮಾದರಿಯೇ. ಮನೆಯಲ್ಲಿ ಮಾಡುವವರಿಗೆಂದು ಬರುವ ವಿಧಾನಗಳಲ್ಲೂ ಇದೇ ಕ್ರಮ: ಸುಲಿದ ಸಿಗಡಿಯ ಪ್ಯಾಕೆಟ್ ತನ್ನಿ, ಗಂಜಿಯನ್ನು ನೀರಿನಲ್ಲೋ ಕೋಳಿ ಸಾರಿನಲ್ಲೋ ಬೇಯಿಸಿ, ಸಿಗಡಿಯನ್ನು ಬೇರೆ ಬಾಣಲೆಯಲ್ಲಿ ಬಾಡಿಸಿ ಮೇಲೆ ಜೋಡಿಸಿ. ನೋಡಲು ಚೆಂದವಾಗಿಯೇ ಇರುತ್ತದೆ. ಆದರೆ ಸಿಗಡಿ ಇಟ್ಟ ಗಂಜಿ ಬೇರೆ, ಸಿಗಡಿ ಗಂಜಿ ಬೇರೆ. ಅರೋಸ್ ಕಾಲ್ದೋ ಎಂಬ ಸ್ಪ್ಯಾನಿಷ್ ಹೆಸರಿನಲ್ಲಿರುವುದು ಎರಡೇ ಪದ. ಅರೋಸ್ ಎಂದರೆ ಅಕ್ಕಿ, ಕಾಲ್ದೋ ಎಂದರೆ ಸಾರು. ಮೇಲೆ ಏನಿಡಬೇಕೆಂದು ಹೆಸರು ಹೇಳುವುದೇ ಇಲ್ಲ. ಈಗಿನ ಮಾದರಿ ಆ ಎರಡನೆಯ ಪದವನ್ನು ಕೈಬಿಟ್ಟಿದೆ, ಕೈಬಿಟ್ಟಿದ್ದು ಯಾರಿಗೂ ಗೊತ್ತಾಗದಂತೆ ಮೇಲೆ ಅಲಂಕಾರ ಮಾಡಿದೆ. ಅದಕ್ಕೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು ಎಂದು ನನಗೆ ಖಚಿತವಾಗಿದೆ. ಯಾಕೆಂದು ಹೇಳಬೇಕು.

ಲುಗಾವ್ ಕುಟುಂಬದ ಪರಿಚಯ ಇರುವವರಿಗೆ ಹೆಚ್ಚು ವಿವರ ಬೇಡ. ಬರೀ ಅಕ್ಕಿಯದ್ದು ಲುಗಾವ್, ಶುಂಠಿಯ ಜೊತೆ ಕೋಳಿ ಹಾಕಿದ್ದು ಅರೋಸ್ ಕಾಲ್ದೋ, ದನದ ಜಠರದ ತುಂಡು ಹಾಕಿದ್ದು ಗೋತೊ. ವಿಸಾಯಾ ದ್ವೀಪಗಳಲ್ಲಿ ಕೋಳಿ ಗಂಜಿಯನ್ನೇ ಪೋಸ್‌ಪಾಸ್ ಎನ್ನುತ್ತಾರೆ. ಪಾದ್ರಿ ಪೆದ್ರೊ ದೆ ಸಾನ್ ಬುವೆನವೆಂತುರಾ ಸಿದ್ಧಪಡಿಸಿ 1613ರಲ್ಲಿ ಪೀಲಾ ಎಂಬ ಊರಿನಲ್ಲಿ ಅಚ್ಚಾದ ತಗಾಲೊಗ್ ನಿಘಂಟಿನಲ್ಲೇ ಲುಗಾವ್ ಎಂಬ ಮಾತು ಸಿಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮನಿಲಾದ ಚೀನೀ ಊಟದಂಗಡಿಗಳು ಸ್ಪ್ಯಾನಿಷ್ ಗಿರಾಕಿಗಳಿಗೆ ತಿಳಿಯಲೆಂದು ತಮ್ಮ ತಿನಿಸುಗಳಿಗೆ ಸ್ಪ್ಯಾನಿಷ್ ಹೆಸರು ಕೊಟ್ಟವು, ಅರೋಸ್ ಕಾಲ್ದೋ ಹೆಸರು ಆ ಗುಂಪಿನದು.

ಇನ್ನೊಂದು ಸಂಗತಿ ಮಾತ್ರ ಇಲ್ಲಿಗೆ ನೇರವಾಗಿ ಸಂಬಂಧಿಸಿದ್ದು. ಲುಗಾವ್ ಎಂದರೆ ಅಲ್ಲಿಯೂ ಬಡವರ ಊಟ, ಜ್ವರ ಬಂದವರ ಊಟ. 2021ರ ಮಾರ್ಚ್ ಕೊನೆಯಲ್ಲಿ, ಲಾಕ್‌ಡೌನಿನ ರಾತ್ರಿ, ಬುಲಕಾನ್ ಪ್ರಾಂತ್ಯದ ಸಾನ್ ಹೊಸೆ ದೆಲ್ ಮೊಂತೆಯಲ್ಲಿ ಲುಗಾವ್ ತಲುಪಿಸಲು ಹೊರಟ ಬೈಕಿನವನನ್ನು ತಡೆದು, ಲುಗಾವ್ ಅಗತ್ಯ ವಸ್ತುವಲ್ಲ ಎಂದು ವಾದಿಸಿದ ವಿಡಿಯೊ ದೇಶವಿಡೀ ಹರಿದಾಡಿತು. ಕೊನೆಗೆ ಅಧ್ಯಕ್ಷರ ಕಚೇರಿಯೇ ಲುಗಾವ್ ಸೇರಿದಂತೆ ಆಹಾರ ಯಾವುದಾದರೂ ಅಗತ್ಯವೇ ಎಂದು ಸ್ಪಷ್ಟಪಡಿಸಬೇಕಾಯಿತು. ಆಗ ಉಪಾಧ್ಯಕ್ಷೆಯಾಗಿದ್ದ ಲೆನಿ ರೊಬ್ರೆದೊ ಅವರನ್ನು ವಿರೋಧಿಗಳು ಹಂಗಿಸುತ್ತಿದ್ದುದೂ ‘ಲುಗಾವ್’ ಎಂಬ ಮಾತಿನಿಂದಲೇ. 2022ರ ಚುನಾವಣೆಯ ಹೊತ್ತಿಗೆ ಅವರ ಬೆಂಬಲಿಗರು ಬೀದಿಬೀದಿಯಲ್ಲಿ ಲುಗಾವ್ ಹಂಚಿ ಆ ಮೂದಲಿಕೆಯನ್ನೇ ಹೆಮ್ಮೆಯಾಗಿ ತಿರುಗಿಸಿಕೊಂಡರು. ಹೀಗೆ ಕೀಳೆಂದು ಕಂಡ ತಿನಿಸನ್ನು ಮೇಲೆತ್ತಬೇಕು ಎನಿಸಿದಾಗ ಹೋಟೆಲಿನವರಿಗೆ ಹೊಳೆಯುವ ದಾರಿ ಒಂದೇ: ಬೆಲೆಬಾಳುವ ಸಿಗಡಿಯನ್ನು ಮೇಲಿಡುವುದು. ಗಂಜಿಯ ಮೇಲೆ ನಂಬಿಕೆ ಇಲ್ಲದವರ ದಾರಿ ಅದು.

ನಾನು ಈ ಗಂಜಿಯನ್ನು ಮೊದಲು ತಿಂದದ್ದು ದುಬೈಯಲ್ಲಿ. ಉಡುಪಿಯ ಕಡೆಯಿಂದ ಹೋಗಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದ ನಾನು, ಫಿಲಿಪ್ಪೀನ್ಸಿನ ಮೂವರು ಹೆಂಗಸರ ಜೊತೆ ಸತ್ವಾದ ಒಂದು ಹಳೆಯ ಮನೆಯಲ್ಲಿ ಬಾಡಿಗೆ ಹಂಚಿಕೊಂಡಿದ್ದೆ. ಅವರಲ್ಲಿ ಹಿರಿಯರನ್ನು ಎಲ್ಲರೂ ‘ಆತೆ’ ಎನ್ನುತ್ತಿದ್ದರು. ತಗಾಲೊಗ್‌ನಲ್ಲಿ ಅಕ್ಕ ಎಂದರ್ಥ, ನಾನೂ ಹಾಗೆಯೇ ಕರೆಯುತ್ತಿದ್ದೆ. ಅವರ ಊರು ಕವೀತೆ ಪ್ರಾಂತ್ಯದ ಬಕೂರ್. ಮನಿಲಾ ಕೊಲ್ಲಿಯ ಆ ದಡದಲ್ಲಿ ತಾಹೋಂಗ್ ಸಾಕುತ್ತಾರೆ. ತಾಹೋಂಗ್ ಎಂದರೆ ನಮ್ಮ ಪಚ್ಚಿಲೆಯೇ, ಅದೇ ಜಾತಿ, ಅದೇ ಹಸಿರು ಅಂಚು. ನಾನು ಆ ಹೆಸರು ಹೇಳಿದ ದಿನ ಆತೆ ಅದನ್ನು ನಾಲ್ಕೈದು ಸಲ ಬಾಯಲ್ಲಿ ಆಡಿಸಿ ನೋಡಿದರು.

ಗುರುವಾರ ರಾತ್ರಿ ದೇರಾದ ಹಳೆಯ ಮೀನು ಮಾರುಕಟ್ಟೆಯಿಂದ ಅರ್ಧ ಕೆಜಿ ಸಿಗಡಿ ಬರುತ್ತಿತ್ತು. ತಲೆ ಸಮೇತ ಇರಲೇಬೇಕು, ಅದು ಅವರ ಒಂದೇ ಷರತ್ತು. ತಲೆ ತಿರುಚಿ ಕೀಳುವರು, ಕಣ್ಣು ಮತ್ತು ಮುಂದಿನ ಮುಳ್ಳಿನ ಭಾಗವನ್ನು ಕತ್ತರಿಯಿಂದ ಕತ್ತರಿಸುವರು, ಸಿಪ್ಪೆ ಸುಲಿದು ತಲೆಗಳ ಜೊತೆಗೇ ಸೇರಿಸುವರು. ಸುಲಿದ ಮಾಂಸ ಚಿಟಿಕೆ ಉಪ್ಪು ಸವರಿಸಿಕೊಂಡು ಫ್ರಿಜ್ಜಿಗೆ ಹೋಗುತ್ತಿತ್ತು. ಅಡುಗೆ ಮುಗಿಯುವವರೆಗೂ ಅದರ ಸುದ್ದಿಯಿಲ್ಲ. ಅರ್ಧ ಕೆಜಿ ಸಿಗಡಿಯಲ್ಲಿ ತಲೆ, ಸಿಪ್ಪೆಯ ತೂಕವೇ ಅರ್ಧದ ಹತ್ತಿರ ಬರುತ್ತದೆ. ಪ್ಯಾಕೆಟ್ ಸಿಗಡಿ ತರುವವರು ಆ ಅರ್ಧವನ್ನು ನೋಡಿಯೇ ಇರುವುದಿಲ್ಲ.

ಇಲ್ಲಿಂದ ಮುಂದಿನ ಇಪ್ಪತ್ತು ನಿಮಿಷದ ಬಗ್ಗೆ ನಾನು ವರ್ಷಗಟ್ಟಲೆ ಯೋಚಿಸಿದ್ದೇನೆ.

ದಪ್ಪ ತಳದ ಪಾತ್ರೆಯಲ್ಲಿ ಮೂರು ಚಮಚ ಎಣ್ಣೆ. ಜಜ್ಜಿದ ಶುಂಠಿ ಮೊದಲು, ಆಮೇಲೆ ಈರುಳ್ಳಿ, ಕೊನೆಗೆ ಬೆಳ್ಳುಳ್ಳಿ. ಅದರ ಮೇಲೆ ತಲೆಗಳು. ಉರಿ ನಡುತರ. ಬೂದು ಬಣ್ಣದ ತಲೆಗಳು ಎರಡು ನಿಮಿಷದಲ್ಲಿ ಕೆಂಪಗಾಗುತ್ತವೆ. ಆಗ ಸೌಟಿನ ಹಿಂಬದಿಯಿಂದ ಒಂದೊಂದನ್ನೇ ತಳಕ್ಕೆ ಒತ್ತಬೇಕು. ಚಿಟ್ ಎಂದು ಚಿಪ್ಪು ಒಡೆದು ಒಳಗಿನ ಹಳದಿ ಕೊಬ್ಬು ಎಣ್ಣೆಗೆ ಇಳಿಯುತ್ತದೆ, ಎಣ್ಣೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಆತೆ ಪಾತ್ರೆಯನ್ನು ಓರೆ ಮಾಡಿ ಎಣ್ಣೆ ಒಂದು ಬದಿಗೆ ಹರಿಯುವುದನ್ನು ನೋಡಿ, ಬಣ್ಣ ಸಾಲದಿದ್ದರೆ ಇನ್ನೂ ಒಂದು ನಿಮಿಷ ಬಿಡುತ್ತಿದ್ದರು. ಆಮೇಲೆ ಎರಡು ಚಮಚ ಪಾತಿಸ್. ಇದು ಉಪ್ಪು ಹಾಕಿದ ಸಣ್ಣ ಮೀನು ತಿಂಗಳುಗಟ್ಟಲೆ ಹುದುಗಿ ಬಿಡುವ ರಸ. ಮಲಬೋನ್, ನವೋತಾಸ್ ಕಡೆಯದಕ್ಕೆ ಹೆಸರು. ಆತೆ ಅದನ್ನು ನಡುವೆ ಸುರಿಯುತ್ತಿರಲಿಲ್ಲ, ಪಾತ್ರೆಯ ಅಂಚಿನ ಬಿಸಿ ಲೋಹದ ಮೇಲೆ ಸುತ್ತಲೂ ಇಳಿಬಿಡುತ್ತಿದ್ದರು. ಸುರ್ರೆಂದು ಆವಿ ಏಳುತ್ತದೆ. ಮೊದಲ ಅರ್ಧ ನಿಮಿಷ ಮೂಗು ಮುಚ್ಚಿಕೊಳ್ಳುವಷ್ಟು ನಾತ, ಆಮೇಲೆ ಅದು ಸುಟ್ಟ ಒಣಮೀನಿನ ಪರಿಮಳವಾಗುತ್ತದೆ. ಹೀಗೆ ನೀರಿಗಿಂತ ಮೊದಲು ಮಾಂಸವನ್ನು ಮಸಾಲೆಯಲ್ಲಿ ಹುರಿದು ಅರ್ಧ ಬೇಯಿಸುವುದಕ್ಕೆ ತಗಾಲೊಗ್‌ನಲ್ಲಿ ‘ಸಂಗ್‌ಕುಚಾ’ ಎನ್ನುತ್ತಾರೆ. ಕೋಳಿಯ ಅರೋಸ್ ಕಾಲ್ದೋದಲ್ಲಿ ಕೋಳಿಗೆ ಆಗುವ ಸಂಗ್‌ಕುಚಾ ಇಲ್ಲಿ ತಲೆಗಳಿಗೆ ಆಗಬೇಕು. ಸಿಗಡಿಯ ಮಾಂಸ ಅಷ್ಟು ಹೊತ್ತಿನ ಹುರಿತವನ್ನು ತಾಳಲಾರದು.

ಎರಡು ಲೀಟರ್ ನೀರು. ಹದಿನೈದು ನಿಮಿಷ ಸಣ್ಣ ಕುದಿ, ಹೆಚ್ಚೆಂದರೆ ಇಪ್ಪತ್ತು. ಅದಕ್ಕಿಂತ ಹೊತ್ತು ಕುದಿಸಿದಾಗಲೆಲ್ಲ ಸಾರಿಗೆ ಸುಣ್ಣದಂಥ ಒಗರು ಬಂದದ್ದು ನನ್ನ ಅನುಭವ. ಬಳಿಕ ತಲೆಗಳನ್ನು ಎತ್ತಿ ಕುಟ್ಟಾಣಿಗೆ ಹಾಕಿ, ಒಂದು ಸೌಟು ಸಾರು ಬೆರೆಸಿ ಕುಟ್ಟುವುದು, ಸಣ್ಣ ಕಣ್ಣಿನ ಜರಡಿಯಲ್ಲಿ ಒತ್ತಿ ಹಿಂಡಿ ಮತ್ತೆ ಸಾರಿಗೆ ಸೇರಿಸುವುದು. ಜರಡಿಯಲ್ಲಿ ಉಳಿದ ಚರಟವನ್ನು ಬಾಯಿಗೆ ಹಾಕಿ ನೋಡಿದರೆ ಅದರಲ್ಲಿ ಏನೂ ರುಚಿ ಇರಬಾರದು. ಹಿಂಡಿದ್ದು ಸಾಕೆನ್ನುವುದಕ್ಕೆ ಆತೆಯ ಪರೀಕ್ಷೆ ಅದು.

ಆತೆಯ ತಾಯಿ ಹೀಗೆ ಮಾಡುತ್ತಿರಲಿಲ್ಲವಂತೆ. ಅವರು ಹಸಿ ತಲೆಗಳನ್ನೇ ಕುಟ್ಟಿ, ನೀರು ಬೆರೆಸಿ, ಹಿಂಡಿದ ರಸವನ್ನು ಕುದಿಯುವ ಗಂಜಿಗೆ ಸುರಿಯುತ್ತಿದ್ದರು. ಫಿಲಿಪ್ಪೀನ್ಸಿನ ಅಡುಗೆಯಲ್ಲಿ ಇದು ಹಳೆಯ ಪದ್ಧತಿ, ಪಾಲಾಬೋಕ್ ಶಾವಿಗೆಯ ಮೇಲಿನ ಗೊಜ್ಜಿಗೂ ಇದೇ ರಸ ಬೇಕು. ಹಳೆಯದೇ ಸರಿ ಎನ್ನುವವರು ಆತೆಯ ದಾರಿಯನ್ನು ಅಡ್ಡದಾರಿ ಎಂದಾರು. ನಾನು ಎರಡನ್ನೂ ಒಂದೇ ದಿನ, ಒಂದೇ ಬುಟ್ಟಿಯ ಸಿಗಡಿಯಿಂದ ಮಾಡಿ ನೋಡಿದ್ದೇನೆ. ಹಸಿ ರಸದಲ್ಲಿ ಒಂದು ಸಿಹಿ ಇದೆ, ಹುರಿದ ತಲೆಯ ಸಾರಿಗೆ ಅದು ಬರುವುದಿಲ್ಲ. ಆದರೆ ಅದರೊಳಗಿನ ಪ್ರೋಟೀನು ಬಿಸಿ ತಾಗಿದೊಡನೆ ಮೊಟ್ಟೆಯಂತೆ ಹೆಪ್ಪುಗಟ್ಟುತ್ತದೆ. ಗೊಜ್ಜಿನಲ್ಲಿ ಅದು ಒಳ್ಳೆಯದೇ, ದಪ್ಪ ಕೊಡುತ್ತದೆ. ಗಂಜಿಯಲ್ಲಿ ಸಣ್ಣಸಣ್ಣ ಗಂಟಾಗಿ ನಾಲಿಗೆಗೆ ಮರಳಿನಂತೆ ಸಿಗುತ್ತದೆ. ಅದಕ್ಕಿಂತ ದೊಡ್ಡ ಕೊರತೆ ಬಣ್ಣದ್ದು. ಸಿಗಡಿಯ ಕೆಂಪಿಗೆ ಕಾರಣವಾದ ಅಸ್ಟಾಕ್ಸಾಂಥಿನ್ ಹಸಿಯಾಗಿದ್ದಾಗ ಒಂದು ಪ್ರೋಟೀನಿನ ಹಿಡಿತದಲ್ಲಿರುತ್ತದೆ, ಅದಕ್ಕೇ ಹಸಿ ಸಿಗಡಿ ಬೂದು. ಬಿಸಿಗೆ ಆ ಹಿಡಿತ ಸಡಿಲುತ್ತದೆ. ಸಡಿಲಿದ ಬಣ್ಣ ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ಪರಿಮಳದ ಬಹುಪಾಲೂ ಎಣ್ಣೆಯ ಕಡೆಗೇ ವಾಲುತ್ತದೆ. ಬರೀ ನೀರಿನಲ್ಲಿ ತಲೆ ಕುದಿಸಿದರೆ ಉಪ್ಪುಪ್ಪಾದ ತಿಳಿ ಸಾರು ಸಿಗುತ್ತದೆ, ಬಣ್ಣವೂ ಪರಿಮಳವೂ ಚಿಪ್ಪಿನಲ್ಲೇ ಉಳಿದು ಚರಟದ ಜೊತೆ ಕಸಕ್ಕೆ ಹೋಗುತ್ತವೆ. ಆತೆ ಅಡುಗೆಯ ರಸಾಯನಶಾಸ್ತ್ರ ಓದಿದವರಲ್ಲ. ಪಾತ್ರೆ ಓರೆ ಮಾಡಿ ಎಣ್ಣೆಯ ಬಣ್ಣ ನೋಡುತ್ತಿದ್ದರಲ್ಲ, ಆ ನೋಟದಲ್ಲೇ ಇದೆಲ್ಲ ಇತ್ತು.

ಆ ಎಣ್ಣೆ ಮುಂದೆ ಏನಾಗುತ್ತದೆ ಎನ್ನುವುದರಲ್ಲಿ ಗಂಜಿಯ ನಿಜವಾದ ಜಾಣ್ಮೆ ಇದೆ. ತಿಳಿ ಸಾರಿನಲ್ಲಿ ಎಣ್ಣೆ ಮೇಲೆ ತೇಲಿ ತುಟಿಗೆ ಅಂಟುತ್ತದೆ. ಗಂಜಿಯಲ್ಲಿ ಅಕ್ಕಿಯ ಪಿಷ್ಟ ಕರಗಿ ನೀರು ದಪ್ಪವಾಗುತ್ತ ಹೋದಂತೆ, ಕದಡಿದ ಎಣ್ಣೆಯ ಸಣ್ಣ ಹನಿಗಳು ಮೇಲೇಳಲಾರದೆ ಅಲ್ಲಲ್ಲೇ ನಿಲ್ಲುತ್ತವೆ. ನಲವತ್ತು ನಿಮಿಷದ ಬಳಿಕ ಪಾತ್ರೆಯಲ್ಲಿ ಎಣ್ಣೆ ಕಾಣುವುದಿಲ್ಲ. ಗಂಜಿಗೆ ಪೂರ್ತಿ ತಿಳಿ ಕಿತ್ತಳೆ ಬಣ್ಣ, ಪ್ರತಿ ಚಮಚೆಯಲ್ಲೂ ತಲೆಯ ರುಚಿ. ಇದನ್ನು ಮೇಲೆ ಜೋಡಿಸಿದ ನಾಲ್ಕು ಸಿಗಡಿಯಿಂದ ಪಡೆಯಲು ಯಾವ ದಾರಿಯೂ ಇಲ್ಲ. ಬೆಂಗಳೂರಿನ ಬೋಗುಣಿಯ ಗಂಜಿ ಬೆಳ್ಳಗಿದ್ದುದನ್ನು ಕಂಡಾಗಲೇ ಉಳಿದದ್ದನ್ನು ಊಹಿಸಬೇಕಿತ್ತು.

ಅಕ್ಕಿಯ ಮಾತಿಗೆ ಬಂದರೆ ನಮ್ಮವರೊಡನೆಯೇ ಒಂದು ಜಗಳ ಬಾಕಿ ಇದೆ. ಕರಾವಳಿಯವರ ಮುಂದೆ ಲುಗಾವ್ ಹೆಸರು ಎತ್ತಿದರೆ ತಕ್ಷಣ ಬರುವ ಮಾತು, ‘ಅದು ನಮ್ಮ ಗಂಜಿಯೇ ಅಲ್ವಾ?’ ಊಟದ ಬಗ್ಗೆ ಬರೆಯುವವರೂ ಇದನ್ನೇ ಇನ್ನಷ್ಟು ಗಂಭೀರವಾಗಿ ಹೇಳುತ್ತಾರೆ. ಕಂಜಿ ಎಂಬ ದ್ರಾವಿಡ ಪದವನ್ನು ಪೋರ್ಚುಗೀಸರು ಎತ್ತಿಕೊಂಡರು, 1563ರಲ್ಲಿ ಗೋವಾದಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತಾನ ಪುಸ್ತಕದಲ್ಲೇ ಅದು ಇದೆ, ಚೀನೀ ಗಂಜಿಗೂ ಇಂಗ್ಲಿಷಿನವರು ಇಟ್ಟುಕೊಂಡದ್ದು ನಮ್ಮ ಮಾತನ್ನೇ, ಆದ್ದರಿಂದ ಲುಗಾವ್ ಕೂಡ ನಮ್ಮ ನೆಂಟ ಎನ್ನುವ ವಾದ. ಪದದ ಕಥೆ ನಿಜ. ಅಡುಗೆಯ ಕಥೆ ಬೇರೆ. ಹೆಸರು ಹಡಗು ಹತ್ತಿ ಹೋಯಿತು ಎಂದ ಮಾತ್ರಕ್ಕೆ ಪಾತ್ರೆಯೂ ಹೋಯಿತು ಎನ್ನಲಾಗದು. ಲುಗಾವ್ ಎಂಬ ಮಾತಿಗಂತೂ ಕಂಜಿಯ ಜೊತೆ ಸಂಬಂಧವೇ ಇಲ್ಲ.

ನಮ್ಮ ಗಂಜಿಯ ಅಕ್ಕಿ ಕುಚ್ಚಲು. ಭತ್ತವನ್ನೇ ನೆನೆಸಿ, ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟಿದ್ದು. ಆ ಮೊದಲ ಬೇಯುವಿಕೆಯಲ್ಲಿ ಕಾಳಿನೊಳಗಿನ ಪಿಷ್ಟ ಬೆಂದು, ಒಣಗುವಾಗ ಮತ್ತೆ ಬಿಗಿದುಕೊಂಡಿರುತ್ತದೆ. ಅದಕ್ಕೇ ಕುಚ್ಚಲಕ್ಕಿ ಒಂದು ಗಂಟೆ ಬೆಂದರೂ ಕಾಳು ಕಾಳಾಗಿ ನಿಲ್ಲುತ್ತದೆ, ತೆಳಿ ತೆಳ್ಳಗೆ ಉಳಿಯುತ್ತದೆ. ನಮಗೆ ಬೇಕಾದದ್ದೂ ಅದೇ. ಕಾಳು ಬೇರೆ, ತೆಳಿ ಬೇರೆ, ಪಕ್ಕದಲ್ಲಿ ಒಣ ಸಿಗಡಿ ಚಟ್ನಿಯೋ ಮಿಡಿ ಉಪ್ಪಿನಕಾಯಿಯೋ ಬೇರೆ. ಸಪ್ಪೆ ತೆಳಿಯ ಒಂದು ಗುಟುಕು, ಖಾರ ಚಟ್ನಿಯ ಒಂದು ನೆಕ್ಕು, ಬೇರೆಬೇರೆ ರುಚಿಗಳು ಬಾಯೊಳಗೆ ಬಂದು ಕೂಡಬೇಕು. ಲುಗಾವ್ ಇದಕ್ಕೆ ತೀರಾ ವಿರುದ್ಧ. ಅದಕ್ಕೆ ಬೆಳ್ತಿಗೆ ಅಕ್ಕಿ ಬೇಕು, ಅದರಲ್ಲಿ ಒಂದು ಪಾಲು ಮಲಗ್ಕಿತ್ ಎಂಬ ಅಂಟಕ್ಕಿ. ಅಂಟಕ್ಕಿಯ ಪಿಷ್ಟ ಹೆಚ್ಚೂಕಡಿಮೆ ಪೂರ್ತಿ ಅಮೈಲೊಪೆಕ್ಟಿನ್, ಅದು ಸುಲಭವಾಗಿ ನೀರಿಗಿಳಿದು ಲೋಳೆಯಾಗುತ್ತದೆ. ಕಾಳು ಒಡೆಯಬೇಕು, ನೀರು ಮತ್ತು ಅಕ್ಕಿಯ ನಡುವಿನ ಗಡಿ ಅಳಿಯಬೇಕು, ರುಚಿ ಒಳಗೇ ಕೂಡಿರಬೇಕು. ನನ್ನಜ್ಜಿಯ ಗಂಜಿಯಲ್ಲಿ ಬೆಳೆದವಳು ನಾನು, ಅದರ ಮೇಲಿನ ಪ್ರೀತಿಗೆ ಇದರಿಂದ ಕುಂದೇನೂ ಬರುವುದಿಲ್ಲ. ಆದರೆ ಕುಚ್ಚಲಕ್ಕಿಯಲ್ಲಿ ಅರೋಸ್ ಕಾಲ್ದೋ ಮಾಡಿ ‘ನಮ್ಮ ರೀತಿಯಲ್ಲಿ’ ಎಂದು ಬರೆದುಕೊಳ್ಳುವವರನ್ನು ನೋಡಿದ್ದೇನೆ. ಆ ಪಾತ್ರೆಯಲ್ಲಿ ಕಿತ್ತಳೆ ಎಣ್ಣೆ ಮೇಲೆ ತೇಲುತ್ತದೆ, ಕಾಳು ತಳ ಸೇರುತ್ತದೆ. ಎರಡು ಒಳ್ಳೆಯ ಅಡುಗೆಗಳನ್ನು ಒಟ್ಟಿಗೇ ಕೆಡಿಸಿದ ಹಾಗಾಗುತ್ತದೆ.

ನಮ್ಮ ಅಡುಗೆಮನೆಗೆ ನಾನು ಹೇಳುವುದು ಇಷ್ಟು. ಮುಕ್ಕಾಲು ಲೋಟ ಸೋನಾ ಮಸೂರಿ, ಕಾಲು ಲೋಟ ಅಂಟಕ್ಕಿ. ಬೆಂಗಳೂರಿನಲ್ಲಿ ಈಶಾನ್ಯ ರಾಜ್ಯಗಳವರ ಅಂಗಡಿಗಳಲ್ಲಿ ಅಂಟಕ್ಕಿ ಸಿಗುತ್ತದೆ. ಸಿಗದಿದ್ದರೆ ಸೋನಾ ಮಸೂರಿಯ ನುಚ್ಚು. ಒಂದು ಲೋಟಕ್ಕೆ ಎಂಟು ಲೋಟ ಸಾರು. ಅಕ್ಕಿಯನ್ನು ಮತ್ತೊಂದಿಷ್ಟು ಶುಂಠಿಯ ಜೊತೆ ಒಂದು ಚಮಚ ಎಣ್ಣೆಯಲ್ಲಿ ಎರಡು ನಿಮಿಷ ಹೊರಳಿಸಿ ಆಮೇಲೆ ಸಾರು ಹೊಯ್ಯಬೇಕು. ಕೊನೆಯ ಹದಿನೈದು ನಿಮಿಷ ಸೌಟು ಕೈಬಿಡುವಂತಿಲ್ಲ, ತಳ ಹಿಡಿಯುತ್ತದೆ. ಕುಕ್ಕರಿನಲ್ಲಿ ಗಂಜಿ ಬೇಗ ಆಗುತ್ತದೆ ನಿಜ, ಆದರೆ ಒಳಗೆ ಕದಡುವ ಕೈ ಇಲ್ಲ, ಎಣ್ಣೆ ಗಂಜಿಯೊಡನೆ ಬೆರೆಯುವುದಿಲ್ಲ.

ಎರಡನೆಯ ಜಗಳ ಅಲ್ಲಿನ ವಿಮರ್ಶಕರ ಜೊತೆ. ಮನಿಲಾದ ಅತೆನೆಯೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಡೊರೀನ್ ಫೆರ್ನಾಂಡೆಜ್ (1934–2002) ಫಿಲಿಪ್ಪೀನ್ಸಿನ ಊಟದ ಬಗ್ಗೆ ಬರೆದಷ್ಟು ಆಳವಾಗಿ ಇನ್ನಾರೂ ಬರೆದದ್ದನ್ನು ನಾನು ಓದಿಲ್ಲ. 1988ರ ‘ಸರಾಪ್’, 1994ರ ‘ತಿಕಿಮ್’ ನನ್ನ ಮೇಜಿನ ಮೇಲೆಯೇ ಇರುತ್ತವೆ. ಹೊರಗಿನಿಂದ ಬಂದ ತಿನಿಸು ಅಲ್ಲಿನ ಬಾಣಲೆ, ಅಲ್ಲಿನ ಹುಳಿ, ಅಲ್ಲಿನ ಪಾತಿಸ್ ಹೊಕ್ಕು ಹೇಗೆ ಅಲ್ಲಿಯದೇ ಆಗುತ್ತದೆ ಎಂದು ತೋರಿಸಿಕೊಟ್ಟವರು ಅವರು. ಚೀನೀ ಗಂಜಿಯ ನಕಲು ಎಂದು ಅರೋಸ್ ಕಾಲ್ದೋವನ್ನು ತಳ್ಳಿಹಾಕುವವರಿಗೆ ಅದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಫೆರ್ನಾಂಡೆಜ್ ಅವರ ಇನ್ನೊಂದು ದೊಡ್ಡ ಮಾತು ಸಾವ್‌ಸಾವನ್ ಕುರಿತದ್ದು. ಊಟದ ಪಕ್ಕದಲ್ಲಿಡುವ ಪಾತಿಸ್, ಕಲಮನ್ಸಿ ಎಂಬ ಹುಳಿಹಣ್ಣು, ಮೆಣಸುಗಳ ಸಣ್ಣ ತಟ್ಟೆಯಿಂದ ಉಣ್ಣುವವರು ತಮ್ಮ ನಾಲಿಗೆಗೆ ತಕ್ಕಂತೆ ಅಡುಗೆಯನ್ನು ಪೂರ್ತಿಗೊಳಿಸುತ್ತಾರೆ, ಅಡುಗೆಯವರು ಅದಕ್ಕೆ ಮುನಿಸಿಕೊಳ್ಳುವುದಿಲ್ಲ.

ನನ್ನ ತಕರಾರು ಅವರ ಮೇಲಲ್ಲ, ಅವರ ಮಾತನ್ನು ಗುರಾಣಿ ಮಾಡಿಕೊಂಡವರ ಮೇಲೆ. ‘ಲುಗಾವ್ ಸಪ್ಪೆಯಾಗಿರುವುದೇ ಸರಿ, ರುಚಿ ಉಣ್ಣುವವರ ಕೈಯಲ್ಲಿದೆ’ ಎಂದು ಈಗ ಸಲೀಸಾಗಿ ಹೇಳುತ್ತಾರೆ. ಬರೀ ಲುಗಾವ್‌ಗೆ ಆ ಮಾತು ಒಪ್ಪುತ್ತದೆ. ಅರೋಸ್ ಕಾಲ್ದೋಗೆ ಒಪ್ಪುವುದಿಲ್ಲ. ಪೂರ್ತಿಗೊಳಿಸುವುದಕ್ಕೆ ಮೊದಲು ಅಲ್ಲಿ ಒಂದು ಅಡುಗೆ ಇರಬೇಕಲ್ಲ. ಪಾತಿಸ್ ಹನಿ ಉಪ್ಪನ್ನು ತಿದ್ದೀತು, ಕಲಮನ್ಸಿ ಭಾರವನ್ನು ಇಳಿಸೀತು, ನಲವತ್ತು ನಿಮಿಷ ಬರೀ ನೀರಿನಲ್ಲಿ ಬೆಂದ ಅಕ್ಕಿಯೊಳಗೆ ಸಿಗಡಿಯನ್ನು ಅವು ಹೊಗಿಸಲಾರವು. ಸಾರು ಮಾಡದ ಅಡುಗೆಯವರ ಸೋಮಾರಿತನವನ್ನು ಉಣ್ಣುವವರ ಸ್ವಾತಂತ್ರ್ಯ ಎಂದು ಕರೆಯುವುದು ಆ ಸ್ವಾತಂತ್ರ್ಯಕ್ಕೂ ಮಾಡುವ ಅವಮಾನ.

ಅರೋಸ್ ಕಾಲ್ದೋ ಎಂದರೆ ಕೋಳಿ, ಮಿಕ್ಕಿದ್ದೆಲ್ಲ ಅಪಚಾರ ಎನ್ನುವ ಮಡಿವಂತರ ಬಗ್ಗೆ ಹೆಚ್ಚು ಹೇಳಲಾರೆ. ಹೆಸರಿನಲ್ಲಿ ಕೋಳಿ ಇಲ್ಲ ಎಂದಷ್ಟೇ ನೆನಪಿಸುತ್ತೇನೆ.

ಮೇಲೆ ಉದುರಿಸುವ ವಸ್ತುಗಳಲ್ಲಿ ಹುರಿದ ಬೆಳ್ಳುಳ್ಳಿ ಕಡ್ಡಾಯ. ತಣ್ಣನೆಯ ಎಣ್ಣೆಗೇ ಹಾಕಿ ಸಣ್ಣ ಉರಿಯಲ್ಲಿ ಹೊಂಬಣ್ಣಕ್ಕೆ ತರಬೇಕು, ಒಂದು ಛಾಯೆ ಮೀರಿದರೂ ಕಹಿ. ಕಲಮನ್ಸಿ ನಮ್ಮಲ್ಲಿ ಸಿಗದು. ಅದು ಕಿತ್ತಳೆಯ ಬಳಗದ ಹಣ್ಣಾದ್ದರಿಂದ ಬರೀ ನಿಂಬೆ ಸಾಲದು, ನಿಂಬೆರಸಕ್ಕೆ ಕೊಡಗಿನ ಕಿತ್ತಳೆಯ ನಾಲ್ಕು ಹನಿ ಸೇರಿಸಿದರೆ ಹತ್ತಿರ ಬರುತ್ತದೆ. ಕಸುಭಾ ಎಂಬ ಕೆಂಪು ಎಸಳು ಕಂಡರೆ ನನಗೆ ಪ್ರತಿ ಸಲವೂ ವಿಜಯಪುರ, ಗದಗದ ಎರೆಹೊಲಗಳು ನೆನಪಾಗುತ್ತವೆ. ಕಸುಭಾ ನಮ್ಮ ಕುಸುಬೆ. ಸಂಸ್ಕೃತದ ಕುಸುಂಭ ಮಲಯ್ ನಾಡುಗಳನ್ನು ದಾಟಿ ಆ ದ್ವೀಪಗಳಿಗೆ ಹೋದ ಮಾತು. ನಾವು ಬೀಜದಿಂದ ಎಣ್ಣೆ ತೆಗೆದು ಎಸಳನ್ನು ಮರೆತೆವು, ಅವರು ಎಸಳನ್ನು ಇಟ್ಟುಕೊಂಡರು. ಆದರೂ ಸಿಗಡಿ ಗಂಜಿಗೆ ಅದು ಬೇಡವೆಂದೇ ನನ್ನ ತೀರ್ಮಾನ. ಕಸುಭಾ ಕೊಡುವುದು ಬಣ್ಣವನ್ನು, ರುಚಿ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ತಲೆ ಹುರಿದ ಗಂಜಿಗೆ ತನ್ನದೇ ಬಣ್ಣ ಇರುತ್ತದೆ. ಸಿಗಡಿ ಗಂಜಿಯ ಮೇಲೆ ಕಸುಭಾ ಧಾರಾಳವಾಗಿ ಕಂಡಾಗ ಒಳಗೆ ಏನನ್ನು ಮಾಡಿಲ್ಲ ಎಂಬ ಅನುಮಾನ ನನಗೆ ಬರುತ್ತದೆ.

ಆ ಹೋಟೆಲಿನ ಬಗ್ಗೆ ನ್ಯಾಯವಾಗಿ ಹೇಳಬೇಕೆಂದರೆ, ಬೊಂಡಾಸ್ ಚೆನ್ನಾಗಿ ಸುಟ್ಟಿತ್ತು, ಬೆಳ್ಳುಳ್ಳಿ ಕಹಿಯಾಗಿರಲಿಲ್ಲ. ಪಚ್ಚಿಲೆ ಮಾತ್ರ ರಬ್ಬರಾಗಿತ್ತು. ಅದನ್ನು ಮುಚ್ಚಿದ ಪಾತ್ರೆಯಲ್ಲಿ ಬೇರೆಯೇ ಬೇಯಿಸಿ, ಬಾಯಿ ತೆರೆದೊಡನೆ ಇಳಿಸಿ, ಬಿಟ್ಟ ನೀರನ್ನು ಬಟ್ಟೆಯಲ್ಲಿ ಸೋಸಿ ಗಂಜಿಗೆ ಸೇರಿಸಿದ್ದರೆ ಅರ್ಧ ದೋಷ ಪರಿಹಾರವಾಗುತ್ತಿತ್ತು, ಪಚ್ಚಿಲೆಯ ನೀರೂ ಒಂದು ಕಾಲ್ದೋ. ಚಿಪ್ಪುಮೀನಿನ ವಿಷಯದಲ್ಲಿ ಆತೆ ಬಹಳ ಎಚ್ಚರದವರು. ಅವರ ಊರಿನಲ್ಲಿ ಕೆಂಪು ಅಲೆ ಬಂದಾಗ, ಅಂದರೆ ಕಡಲಿನಲ್ಲಿ ವಿಷದ ಪಾಚಿ ಹಬ್ಬಿದಾಗ, ಮೀನುಗಾರಿಕೆ ಇಲಾಖೆ ತಾಹೋಂಗ್ ತಿನ್ನಬೇಡಿ ಎಂದು ಪ್ರಕಟಣೆ ಹೊರಡಿಸುತ್ತದೆ. ಆ ವಿಷ ಕುದಿಸಿದರೂ ಹೋಗುವುದಿಲ್ಲ. ಎಲ್ಲಿಯದೆಂದು ಅಂಗಡಿಯವನು ಹೇಳದಿದ್ದರೆ ಅವರು ಕೊಳ್ಳುತ್ತಲೇ ಇರಲಿಲ್ಲ.

ಇನ್ನು ಫ್ರಿಜ್ಜಿನಲ್ಲಿ ಕಾದಿರುವ ಮಾಂಸ. ಗಂಜಿ ಹದಕ್ಕೆ ಬಂದು, ಸೌಟಿನಿಂದ ರಿಬ್ಬನಿನಂತೆ ಇಳಿಯುವಾಗ ಉರಿ ಆರಿಸಬೇಕು. ಆರಿಸಿದ ಮೇಲೆ ಸಿಗಡಿ ಹಾಕಿ, ಒಮ್ಮೆ ಕದಡಿ, ಮುಚ್ಚಳ ಮುಚ್ಚಬೇಕು. ದಪ್ಪ ಗಂಜಿಯ ಬಿಸಿ ತಿಳಿನೀರಿನದಕ್ಕಿಂತ ನಿಧಾನ ಇಳಿಯುತ್ತದೆ, ಒಳಗೆ ಹರಿದಾಟ ಇಲ್ಲವಲ್ಲ. ನಾಲ್ಕು ನಿಮಿಷ ಸಾಕು. ಸಿಗಡಿ ಬಾಗಿ ಕೊಕ್ಕೆಯಂತಾದರೆ ಸರಿಯಾಯಿತು, ಸುರುಳಿ ಸುತ್ತಿದರೆ ಹೊತ್ತಾಯಿತು. ಆತೆ ಈ ನಾಲ್ಕು ನಿಮಿಷದಲ್ಲಿ ಬೋಗುಣಿಗಳನ್ನು ಬಿಸಿನೀರಿನಲ್ಲಿ ತೊಳೆದು ಸಾಲಾಗಿ ಇಡುತ್ತಿದ್ದರು. ಯಾರಾದರೂ ಮುಚ್ಚಳ ಎತ್ತಲು ಹೋದರೆ ‘ಸಾಂದಾಲಿ ಲಾಂಗ್’ ಎನ್ನುತ್ತಿದ್ದರು, ಸ್ವಲ್ಪ ತಾಳು ಎಂದು.

ಊರಿಗೆ ಮರಳಿದ ಮೇಲೆ ಮಲ್ಪೆಯಲ್ಲಿ ಸಿಗಡಿ ಕೊಳ್ಳುವಾಗ ಮೀನಿನ ಅಕ್ಕ ಅಭ್ಯಾಸದಂತೆ ತಲೆ ತೆಗೆಯಲು ಕೈ ಹಾಕಿದರು. ಬೇಡ ಅಕ್ಕ, ತಲೆಯನ್ನೂ ಕೊಡಿ ಎಂದೆ. ಬೆಕ್ಕು ಸಾಕಿದ್ದೀರಾ ಎಂದು ಕೇಳಿದರು. ಗಂಜಿಗೆ ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಪಕ್ಕದ ಬುಟ್ಟಿಯಲ್ಲಿ ಬೇರೆಯವರಿಗೆ ಸುಲಿದು ಉಳಿದಿದ್ದ ಇನ್ನೊಂದು ಹಿಡಿ ತಲೆಗಳನ್ನೂ ಮಂಜುಗಡ್ಡೆಯ ಸಮೇತ ಚೀಲಕ್ಕೆ ಹಾಕಿಕೊಟ್ಟರು. ಹಣ ತೆಗೆದುಕೊಳ್ಳಲಿಲ್ಲ.

ಸತ್ವಾದ ಮನೆಯಲ್ಲಿ ಗುರುವಾರದ ಗಂಜಿ ಶುಕ್ರವಾರ ಬೆಳಿಗ್ಗೆಗೂ ಒದಗುತ್ತಿತ್ತು. ಸಿಗಡಿ ಒಂದೂ ಉಳಿದಿರುತ್ತಿರಲಿಲ್ಲ, ರಾತ್ರಿಯೇ ಆರಿಸಿ ತಿಂದು ಮುಗಿಸಿರುತ್ತಿದ್ದೆವು. ಗಂಜಿ ಫ್ರಿಜ್ಜಿನಲ್ಲಿ ಹಲ್ವದಂತೆ ಗಟ್ಟಿಯಾಗಿರುತ್ತಿತ್ತು. ಅ‌ದನ್ನು ಸಡಿಲಿಸಲೆಂದು ಆತೆ ಹಿಂದಿನ ದಿನವೇ ಎರಡು ಲೋಟ ಸಾರು ತೆಗೆದಿಟ್ಟಿರುತ್ತಿದ್ದರು. ನೀರು ಹಾಕಲು ಯಾರಿಗೂ ಬಿಡುತ್ತಿರಲಿಲ್ಲ. ಸಾರು ಹೊಯ್ದು, ಕದಡಿ, ಕುದಿ ಬಂದ ಮೇಲೆ ಮೇಲೊಂದಿಷ್ಟು ಬೆಳ್ಳುಳ್ಳಿ. ಆ ಬೋಗುಣಿಯಲ್ಲಿ ಕಣ್ಣಿಗೆ ಕಾಣುವ ಕಡಲ ಜೀವಿ ಒಂದೂ ಇರುತ್ತಿರಲಿಲ್ಲ. ನಾಲ್ವರೂ ಅಡುಗೆಮನೆಯಲ್ಲಿ ನಿಂತೇ ತಿನ್ನುತ್ತಿದ್ದೆವು, ಕಿಟಕಿಯ ಹೊರಗೆ ಮಸೀದಿಗೆ ಹೋಗುವವರ ಕಾರುಗಳು ಸಾಲುಗಟ್ಟುವವರೆಗೂ.